ಕಂಪ್ರೆಸರ್ ಕೈಕೊಟ್ಟಾಗ: ರಿಪೇರಿ ಮಾಡಿಸಬೇಕಾ, ಹೊಸದು ತರಬೇಕಾ?

ಮನೆಯ ವರ್ಕ್‌ಶಾಪಿನ ಏರ್ ಕಂಪ್ರೆಸರ್ ವಿಷಯದಲ್ಲಿ ಎರಡು ಥರದ ತಪ್ಪು ನಡೆಯುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಕೆಪಾಸಿಟರ್ ಹೋಗಿದ್ದಕ್ಕೆ ಇಡೀ ಮಷಿನ್ನನ್ನು ಗುಜರಿಗೆ ಹಾಕುವುದು ಒಂದು. ಒಳಗೆಲ್ಲ ತುಕ್ಕು ತಿಂದ ಟ್ಯಾಂಕನ್ನು, ಚೆನ್ನಾಗಿ ಓಡ್ತಾ ಇದೆಯಲ್ಲ ಅಂತ, ವರ್ಷಗಟ್ಟಲೆ ಕಾಲ ಬುಡದಲ್ಲಿ ಇಟ್ಟುಕೊಂಡು ಕೆಲಸ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಹೋಗುವುದು ದುಡ್ಡು. ಎರಡನೆಯದರಲ್ಲಿ ಕೈಕಾಲು, ಕಣ್ಣು, ಕೆಲವೊಮ್ಮೆ ಜೀವ. ಹಾಗಾಗಿ ಓಡುತ್ತದೋ ಇಲ್ಲವೋ ಅನ್ನುವುದನ್ನು ನೋಡಿ ತೀರ್ಮಾನ ಮಾಡಬೇಡಿ. ಯಾವ ಭಾಗ ಹೋಗಿದೆ ಅನ್ನುವುದನ್ನು ನೋಡಿ ಮಾಡಿ.

ಇಲ್ಲಿ ಹೇಳುತ್ತಿರುವುದು 1ರಿಂದ 3 ಎಚ್‌ಪಿ, 24ರಿಂದ 100 ಲೀಟರ್ ಟ್ಯಾಂಕಿನ, ಸಿಂಗಲ್ ಫೇಸ್ ಮಷಿನ್‌ಗಳ ಬಗ್ಗೆ. ಮರಗೆಲಸದವರು ಮೊಳೆ ಗನ್ನಿಗೆ, ಪಾಲಿಷ್ ಮತ್ತು ಪೇಂಟ್ ಹೊಡೆಯಲು, ಟೈರಿಗೆ ಗಾಳಿ ತುಂಬಲು, ಧೂಳು ಊದಲು ಇಟ್ಟುಕೊಳ್ಳುವಂಥವು. ಇವುಗಳಲ್ಲಿ ಮೂರು ಜಾತಿ. ಆಯಿಲ್ ಇಲ್ಲದ, ಮೋಟಾರಿಗೇ ಪಿಸ್ಟನ್ ಜೋಡಿಸಿರುವ ಆಯಿಲ್ ಫ್ರೀ. ಆಯಿಲ್ ಹಾಕುವ, ಆದರೆ ನೇರ ಮೋಟಾರಿಗೆ ಕೂರಿಸಿದ ಡೈರೆಕ್ಟ್ ಡ್ರೈವ್. ಬೀಡು ಕಬ್ಬಿಣದ ಹೆಡ್ಡು (ಪಿಸ್ಟನ್ನಿನ ಮೇಲಿನ ಮುಚ್ಚಳ), ದೊಡ್ಡ ಪುಲ್ಲಿ ಇರುವ ಬೆಲ್ಟ್ ಮಷಿನ್. ನಿಮ್ಮದು ಯಾವ ಜಾತಿ ಅಂತ ಮೊದಲು ನೋಡಿಕೊಳ್ಳಿ. ಕೊನೆಯ ತೀರ್ಮಾನಕ್ಕೆ ಅದು ಬೇಕಾಗುತ್ತದೆ.

ಕೈ ಹಾಕುವ ಮೊದಲು

ಪ್ಲಗ್ ಕೀಳಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಕಂಪ್ರೆಸರಿನ ಸ್ವಿಚ್ ಆನ್ ಆಗಿದ್ದು ಟ್ಯಾಂಕಿನ ಪ್ರೆಶರ್ ಇಳಿದರೆ, ನಿಮ್ಮ ಬೆರಳು ಬೆಲ್ಟಿನ ಹತ್ತಿರ ಇದ್ದಾಗಲೇ ಅದು ತಾನಾಗಿ ಶುರುವಾಗಬಹುದು. ಆಮೇಲೆ ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ಗೇಜ್ ಸೊನ್ನೆ ತೋರಿಸಿದರೂ ನಂಬಬೇಡಿ, ಎಷ್ಟೋ ಗೇಜುಗಳ ಮುಳ್ಳು ಅಂಟಿಕೊಂಡಿರುತ್ತದೆ. ಕೆಳಗಿನ ಡ್ರೈನ್ ಕಾಕ್ ತೆರೆದು ಗಾಳಿ ಬರುವುದು ನಿಂತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಹೆಡ್ಡು ಮತ್ತು ಅದರಿಂದ ಟ್ಯಾಂಕಿಗೆ ಹೋಗುವ ಪೈಪು ಓಡಿದ ಮೇಲೆ ಬಹಳ ಹೊತ್ತು ಸುಡುತ್ತಿರುತ್ತದೆ. ಗಾಳಿಯ ಗನ್ನನ್ನು ಮೈಮೇಲೆ, ಬಟ್ಟೆ ಮೇಲೆ ಹಿಡಿಯುವುದು ಬೇಡವೇ ಬೇಡ. ಮಕ್ಕಳು ಹತ್ತಿರ ಇದ್ದರೆ ಇನ್ನೂ ಹುಷಾರು.

"ಸ್ವಿಚ್ ಹಾಕಿದರೆ ಸದ್ದೇ ಇಲ್ಲ"

ಮೊದಲು ಗೇಜ್ ನೋಡಿ. ಟ್ಯಾಂಕಿನಲ್ಲಿ ಆಗಲೇ 7 ಬಾರ್ ಇದ್ದರೆ ಮೋಟಾರ್ ಶುರುವಾಗುವುದೇ ಇಲ್ಲ. ಅದು ದೋಷವಲ್ಲ. ಈ ಮಷಿನ್‌ಗಳು ಸಾಮಾನ್ಯವಾಗಿ 8 ಬಾರ್, ಅಂದರೆ ಸುಮಾರು 115 ಪಿಎಸ್‌ಐಗೆ ನಿಲ್ಲುತ್ತವೆ. 6 ಬಾರ್ ಹತ್ತಿರ ಇಳಿದ ಮೇಲೆ ಮತ್ತೆ ಶುರುವಾಗುತ್ತವೆ. ಸ್ವಲ್ಪ ಗಾಳಿ ಬಿಟ್ಟು ನೋಡಿ.

ಆಮೇಲೆ ಸಾಕೆಟ್ಟು. ಬೇರೆ ಏನಾದರೂ ಹಾಕಿ ಕರೆಂಟ್ ಬರುತ್ತಿದೆಯೇ ನೋಡಿ. ಮೋಟಾರಿನ ಪಕ್ಕದಲ್ಲಿ ಕೆಂಪು ಅಥವಾ ಕಪ್ಪು ಸಣ್ಣ ಬಟನ್ ಇದ್ದರೆ ಅದು ಓವರ್‌ಲೋಡ್. ಅರ್ಧ ಗಂಟೆ ತಣ್ಣಗಾಗಲು ಬಿಟ್ಟು ಒತ್ತಿ. ಒಮ್ಮೆ ಹಾರಿದ್ದರೆ ಪರವಾಗಿಲ್ಲ. ಪದೇ ಪದೇ ಹಾರುತ್ತಿದ್ದರೆ ಮೋಟಾರಿಗೆ ಏನೋ ಭಾರ ಬೀಳುತ್ತಿದೆ ಅಂತ ಅರ್ಥ, ಒತ್ತಿ ಒತ್ತಿ ಓಡಿಸಬೇಡಿ.

ಇಷ್ಟೆಲ್ಲ ಸರಿ ಇದ್ದರೆ ಅನುಮಾನ ಪ್ರೆಶರ್ ಸ್ವಿಚ್ ಮೇಲೆ, ಅಂದರೆ ಟ್ಯಾಂಕಿನ ಒತ್ತಡ ನೋಡಿ ಮೋಟಾರನ್ನು ಆನ್ ಆಫ್ ಮಾಡುವ ಸ್ವಿಚ್ ಮೇಲೆ. ಪ್ಲಗ್ ಕಿತ್ತು, ಗಾಳಿ ಬಿಟ್ಟು, ಮುಚ್ಚಳ ತೆಗೆದರೆ ಕರೆಂಟ್ ಕೂಡಿಸುವ ಪಾಯಿಂಟುಗಳು ಕಾಣುತ್ತವೆ. ಕಪ್ಪಾಗಿ ಕರಗಿದ್ದರೆ ಸ್ವಿಚ್ ಬದಲಾಯಿಸಿ. ಇರುವೆಗಳು ಒಳಗೆ ಹೋಗಿ ಪಾಯಿಂಟಿನ ನಡುವೆ ಸಿಕ್ಕಿಕೊಂಡು ಸತ್ತಿರುವುದೂ ನಮ್ಮ ಕಡೆ ಸಾಮಾನ್ಯ. ಹಾಗಿದ್ದರೆ ಕ್ಲೀನ್ ಮಾಡಿದರೆ ಸಾಕು. ಇದು ಖಂಡಿತ ರಿಪೇರಿ ಮಾಡಿಸಬೇಕಾದ ಕೇಸು. ಹೊಸ ಮಷಿನ್ ಯೋಚನೆಯೇ ಬೇಡ.

"ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ"

ಗುಂಯ್ ಅಂದ ಕೂಡಲೇ ಆಫ್ ಮಾಡಿ. ಹತ್ತು ಹದಿನೈದು ಸೆಕೆಂಡು ಹಾಗೇ ಬಿಟ್ಟರೂ ವೈಂಡಿಂಗ್ (ಮೋಟಾರಿನೊಳಗಿನ ತಂತಿ ಸುರುಳಿ) ಸುಡಲು ಶುರುವಾಗುತ್ತದೆ. ಇನ್ನೂರು ರೂಪಾಯಿಯ ದೋಷ ಸಾವಿರಾರು ರೂಪಾಯಿಯದಾಗುವುದು ಇಲ್ಲೇ.

ಮೊದಲ ಆರೋಪಿ ಎಕ್ಸ್‌ಟೆನ್ಷನ್ ವೈರು. ಲೆಕ್ಕ ನೋಡಿ. 2 ಎಚ್‌ಪಿ ಮೋಟಾರ್ ಓಡುವಾಗ 8-9 ಆಂಪಿಯರ್ ಎಳೆದರೆ, ಶುರುವಾಗುವ ಆ ಕ್ಷಣದಲ್ಲಿ ನಾಲ್ಕೈದು ಪಟ್ಟು, ಸುಮಾರು 40 ಆಂಪಿಯರ್ ಎಳೆಯುತ್ತದೆ. ಟಿವಿಗೆ ಹಾಕುವಂಥ 0.75 ಚದರ ಮಿ.ಮೀ. ವೈರು 15 ಮೀಟರ್ ಇದ್ದರೆ ಅಷ್ಟು ಕರೆಂಟಿಗೆ ಆ ವೈರಿನಲ್ಲೇ 30 ವೋಲ್ಟ್ ಹತ್ತಿರ ಕಳೆದುಹೋಗುತ್ತದೆ. ಅದೇ ಉದ್ದದ 2.5 ಚದರ ಮಿ.ಮೀ. ವೈರಿನಲ್ಲಿ 9 ವೋಲ್ಟ್ ಅಷ್ಟೆ. ಸಂಜೆ ಹೊತ್ತು ಹಳ್ಳಿಯಲ್ಲಿ ವೋಲ್ಟೇಜ್ ಆಗಲೇ 190ಕ್ಕೆ ಇಳಿದಿದ್ದರೆ, ಅದರಲ್ಲಿ ಇನ್ನೂ 30 ಹೋದರೆ ಯಾವ ಮೋಟಾರ್ ತಾನೇ ಎದ್ದೀತು? ಹಾಗಾಗಿ ಮಷಿನ್ನನ್ನು ನೇರವಾಗಿ 16 ಆಂಪಿಯರ್ ಸಾಕೆಟ್ಟಿಗೆ ಹಾಕಿ ನೋಡಿ. ದೂರ ಬೇಕಾದರೆ ವೈರ್ ಉದ್ದ ಮಾಡುವ ಬದಲು ಗಾಳಿಯ ಹೋಸ್ ಉದ್ದ ಮಾಡಿ.

ಎರಡನೆಯ ಪರೀಕ್ಷೆ ಪುಕ್ಕಟೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಶುರು ಮಾಡಿ. ಖಾಲಿ ಟ್ಯಾಂಕಿಗೆ ಆರಾಮಾಗಿ ಎದ್ದು, ತುಂಬಿ ನಿಂತ ಮೇಲೆ ಮತ್ತೆ ಶುರುವಾಗುವಾಗ ಮಾತ್ರ ಗುಂಯ್ ಅಂದರೆ, ಪಿಸ್ಟನ್ ತಲೆಯ ಮೇಲೆ ಗಾಳಿ ಉಳಿದುಕೊಂಡಿದೆ ಅಂತ ಅನುಮಾನಿಸಿ. ಸರಿ ಇರುವ ಮಷಿನ್ ನಿಂತ ಕೂಡಲೇ ಒಂದೆರಡು ಸೆಕೆಂಡು 'ಟಿಸ್ಸ್' ಅನ್ನುತ್ತದೆ, ಕೇಳಿರುತ್ತೀರಿ ಅಲ್ವಾ? ಪ್ರೆಶರ್ ಸ್ವಿಚ್ಚಿನ ಬುಡದಲ್ಲಿರುವ ಅನ್‌ಲೋಡರ್ ವಾಲ್ವು ಹೆಡ್ಡಿನ ಪೈಪಿನಲ್ಲಿರುವ ಗಾಳಿ ಬಿಡುವ ಸದ್ದು ಅದು. ಆ ಸದ್ದು ಬರದಿದ್ದರೆ ಆ ವಾಲ್ವು ಅಥವಾ ಅದಕ್ಕೆ ಹೋಗುವ ಸಪೂರ ಪೈಪು ಕಟ್ಟಿಕೊಂಡಿದೆ. ಕ್ಲೀನ್ ಮಾಡಿ, ಇಲ್ಲವೇ ವಾಲ್ವು ಬದಲಿಸಿ.

ಖಾಲಿ ಟ್ಯಾಂಕಿಗೂ ಏಳದಿದ್ದರೆ ಅನುಮಾನ ಕೆಪಾಸಿಟರ್ ಮೇಲೆ, ಮೋಟಾರ್ ಶುರುವಾಗಲು ತಳ್ಳು ಕೊಡುವುದು ಅದೇ. ಮೆಕ್ಯಾನಿಕ್ಕುಗಳು ಇದನ್ನೇ ಕಂಡೆನ್ಸರ್ ಅನ್ನುತ್ತಾರೆ. ಉಬ್ಬಿದ್ದರೆ, ಎಣ್ಣೆಯಂಥದ್ದು ಒಸರಿದ್ದರೆ ಹೋಗಿದೆ ಅಂತಲೇ ಲೆಕ್ಕ. ಕಣ್ಣಿಗೆ ಸರಿ ಕಂಡರೂ ಒಳಗೆ ಸೊರಗಿರಬಹುದು. ಮಲ್ಟಿಮೀಟರಿನಲ್ಲಿ ಕೆಪಾಸಿಟರ್ ಅಳೆಯುವ ಸೌಲಭ್ಯ ಇದ್ದರೆ ನೋಡಿ. 40 ಮೈಕ್ರೋಫ್ಯಾರಡ್ ಅಂತ ಬರೆದದ್ದು 28 ತೋರಿಸಿದರೆ ಬದಲಿಸಿ. ಹೊಸದು ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟ್ ಇರಲಿ. ಒಂದು ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. ಅದರ ಎರಡು ತುದಿಗೆ ಹಳೇ ಕಾಲದ ತಂತಿ ಬಲ್ಬಿನ ಹೋಲ್ಡರ್ ವೈರು ಮುಟ್ಟಿಸಿ ಕರೆಂಟ್ ಇಳಿಸಿದ ಮೇಲೆ ಮುಟ್ಟಿ. ಇದು ಅಭ್ಯಾಸ ಇಲ್ಲದಿದ್ದರೆ ಮೋಟಾರ್ ರಿವೈಂಡಿಂಗ್ ಅಂಗಡಿಯವರಿಗೆ ಕೊಡಿ, ಅವರಿಗೆ ಐದು ನಿಮಿಷದ ಕೆಲಸ.

ಕೆಪಾಸಿಟರ್ ಹೊಸದು, ವೋಲ್ಟೇಜ್ ಸರಿ, ಆದರೂ ಗುಂಯ್? ಪ್ಲಗ್ ಕಿತ್ತು ಪುಲ್ಲಿ ಅಥವಾ ಫ್ಯಾನನ್ನು ಕೈಯಿಂದ ತಿರುಗಿಸಿ. ತಿರುಗದಿದ್ದರೆ ಬೇರಿಂಗೋ ಪಿಸ್ಟನ್ನೋ ಕಚ್ಚಿಕೊಂಡಿದೆ. ಸಲೀಸಾಗಿ ತಿರುಗಿದರೆ ಅನುಮಾನ ವೈಂಡಿಂಗಿನ ಮೇಲೆ. ಅದರ ಲೆಕ್ಕ ಮುಂದೆ ಬರುತ್ತದೆ.

"ನಿಂತ ಮೇಲೂ ಟಿಸ್ಸ್ ನಿಲ್ಲುವುದಿಲ್ಲ"

ಮೋಟಾರ್ ನಿಂತಾಗ ಎರಡು ಸೆಕೆಂಡು ಬರಬೇಕಾದ ಸದ್ದು ನಿಲ್ಲದೆ ಬರುತ್ತಿದ್ದರೆ, ಗಾಳಿ ಪ್ರೆಶರ್ ಸ್ವಿಚ್ಚಿನ ಕೆಳಗಿಂದ ಹೋಗುತ್ತಿದ್ದರೆ, ಎಲ್ಲರೂ ಸ್ವಿಚ್ಚನ್ನು ಬೈದು ಅದನ್ನೇ ಬದಲಿಸುತ್ತಾರೆ. ಸದ್ದು ಬರುವುದು ಅಲ್ಲಿಂದ, ದೋಷ ಇರುವುದು ಬೇರೆ ಕಡೆ. ಹೆಡ್ಡಿನಿಂದ ಬರುವ ಪೈಪು ಟ್ಯಾಂಕಿಗೆ ಸೇರುವ ಜಾಗದಲ್ಲಿ ಒಂದು ಹಿತ್ತಾಳೆಯ ಎನ್‌ಆರ್‌ವಿ ಇರುತ್ತದೆ. ಗಾಳಿ ಟ್ಯಾಂಕಿಗೆ ಹೋಗಬೇಕು, ವಾಪಸ್ ಬರಬಾರದು, ಅದರ ಕೆಲಸ ಅಷ್ಟೆ. ಅದರೊಳಗಿನ ರಬ್ಬರ್ ಸೀಟು ಬಿಸಿಗೆ ಗಟ್ಟಿಯಾಗಿ ಸೀಳಿದರೆ, ಅಥವಾ ಒಂದು ಚೂರು ಕಾರ್ಬನ್ ಸಿಕ್ಕಿಕೊಂಡರೆ, ಟ್ಯಾಂಕಿನ ಗಾಳಿ ಹಿಂದಕ್ಕೆ ಹೋಗಿ ಅನ್‌ಲೋಡರಿನಿಂದ ಹೊರಗೆ ಬರುತ್ತದೆ.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಎನ್‌ಆರ್‌ವಿ ಬಿಚ್ಚಿ. ತೊಳೆದು, ರಬ್ಬರ್ ನೋಡಿ, ಅನುಮಾನ ಇದ್ದರೆ ಹೊಸದು ಹಾಕಿ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವುದು ಮರೆಯಬೇಡಿ. ಇದಕ್ಕೆ ತದ್ವಿರುದ್ಧ ಲಕ್ಷಣವೂ ಇದೆ: ಮೋಟಾರ್ ಓಡುತ್ತಿರುವಾಗಲೇ ಸ್ವಿಚ್ಚಿನ ಕೆಳಗಿಂದ ಗಾಳಿ ಹೋಗುತ್ತಿದ್ದರೆ, ಆಗ ಅನ್‌ಲೋಡರೇ ಮುಚ್ಚುತ್ತಿಲ್ಲ.

"ಯಾರೂ ಬಳಸದಿದ್ದರೂ ಆಗಾಗ ತಾನೇ ಆನ್ ಆಗುತ್ತದೆ"

ಎಲ್ಲೋ ಲೀಕು. ಒಂದು ಮಗ್ಗು ನೀರಿಗೆ ಸ್ವಲ್ಪ ಶಾಂಪೂ ಕಲಸಿ, ಹಳೇ ಪೇಂಟ್ ಬ್ರಷ್ಷಿನಿಂದ ಒಂದೊಂದು ಜಾಯಿಂಟಿಗೂ ಹಚ್ಚಿ. ಮೋಟಾರ್ ಮತ್ತು ಸ್ವಿಚ್ಚಿನ ಮೇಲೆ ನೀರು ಬೀಳದಿರಲಿ. ಹೋಸ್ ಕಪ್ಲಿಂಗ್, ರೆಗ್ಯುಲೇಟರ್, ಗೇಜಿನ ಬುಡ, ಡ್ರೈನ್ ಕಾಕ್, ಈ ಕ್ರಮದಲ್ಲಿ ನೋಡಿದರೆ ಬಹುತೇಕ ಸಿಕ್ಕಿಬಿಡುತ್ತದೆ. 50 ಲೀಟರ್ ಟ್ಯಾಂಕಿನಲ್ಲಿ ಹತ್ತು ನಿಮಿಷಕ್ಕೆ ಒಂದು ಬಾರ್ ಇಳಿದರೆ ನಿಮಿಷಕ್ಕೆ 5 ಲೀಟರ್ ಗಾಳಿ ಹೋಗುತ್ತಿದೆ ಅಂತ ಲೆಕ್ಕ. ಅದು ಸರಿಪಡಿಸಲೇಬೇಕಾದಷ್ಟು ದೊಡ್ಡದು. ರಾತ್ರಿಯಿಡೀ ಬಿಟ್ಟಾಗ ಒಂದೆರಡು ಬಾರ್ ಇಳಿದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ರಾತ್ರಿ ಪ್ಲಗ್ ಕಿತ್ತೇ ಮಲಗಿ.

ಗೋಡೆಗುಂಟ ಪಿವಿಸಿ ಪೈಪಿನಲ್ಲಿ ಗಾಳಿಯ ಲೈನ್ ಎಳೆದುಕೊಂಡಿದ್ದರೆ ಲೀಕ್ ಹುಡುಕುವುದು ಬಿಟ್ಟು ಮೊದಲು ಅದನ್ನು ತೆಗೆಯಿರಿ. ನೀರಿನ ಪಿವಿಸಿ ಗಾಳಿಯ ಒತ್ತಡಕ್ಕೆ ಒಡೆದರೆ ಬಿರುಕು ಬಿಡುವುದಿಲ್ಲ, ಚೂಪು ಚೂರಾಗಿ ಸಿಡಿಯುತ್ತದೆ.

ಸೋಪಿನ ಗುಳ್ಳೆ ಟ್ಯಾಂಕಿನ ಮೈಮೇಲೆ, ಅಂದರೆ ಜಾಯಿಂಟ್ ಇಲ್ಲದ ಕಡೆ ಅಥವಾ ವೆಲ್ಡಿಂಗಿನ ಗೆರೆಯಲ್ಲಿ ಬಂದರೆ ಅಲ್ಲಿಗೆ ನಿಲ್ಲಿಸಿ. ಪ್ಲಗ್ ಕೀಳಿ, ಗಾಳಿ ಬಿಡಿ, ಕೆಳಗೆ 'ಡ್ರೈನ್ ತೆರೆದರೆ ಕೆಂಪು ನೀರು' ಅನ್ನುವ ಭಾಗ ಓದಿ.

"ಓಡುತ್ತಲೇ ಇರುತ್ತದೆ, ಪ್ರೆಶರ್ ಏರುವುದಿಲ್ಲ"

ಹೆಚ್ಚು ಜನ ಹೊಸ ಮಷಿನ್ ತರುವುದು ಈ ಲಕ್ಷಣ ನೋಡಿಯೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೊದಲು ಗಡಿಯಾರ ಹಿಡಿದು ಅಳೆಯಿರಿ. ಹೋಸ್ ತೆಗೆದು, ಎಲ್ಲ ಕಾಕ್ ಮುಚ್ಚಿ, ಖಾಲಿ ಟ್ಯಾಂಕ್ 8 ಬಾರ್ ಆಗಲು ಎಷ್ಟು ಹೊತ್ತು ಬೇಕು ನೋಡಿ. 50 ಲೀಟರ್ ಟ್ಯಾಂಕಿಗೆ 8 ಬಾರ್ ತುಂಬಲು ಹೊರಗಿನ ಗಾಳಿ 400 ಲೀಟರ್ ಬೇಕು. ಡಬ್ಬದ ಮೇಲೆ ನಿಮಿಷಕ್ಕೆ 200 ಲೀಟರ್ ಅಂತ ಬರೆದಿದ್ದರೆ ಅದು ಪಿಸ್ಟನ್ ಎಳೆದುಕೊಳ್ಳುವ ಲೆಕ್ಕ. ಟ್ಯಾಂಕಿಗೆ ನಿಜಕ್ಕೂ ಸೇರುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಮೂರರಿಂದ ನಾಲ್ಕು ನಿಮಿಷದಲ್ಲಿ ತುಂಬಿದರೆ ಪಂಪು ಗಟ್ಟಿ ಇದೆ. ಏಳೆಂಟು ನಿಮಿಷ ಹಿಡಿದರೆ ಅರ್ಧ ಶಕ್ತಿ ಹೋಗಿದೆ. ಮಷಿನ್ ಹೊಸದಿದ್ದಾಗಲೇ ಈ ಹೊತ್ತನ್ನು ಅಳೆದು ಟ್ಯಾಂಕಿನ ಮೇಲೆ ಮಾರ್ಕರಿನಲ್ಲಿ ಬರೆದಿಟ್ಟುಕೊಂಡರೆ ಮುಂದೆ ಯಾವ ಮೆಕ್ಯಾನಿಕ್ಕೂ ನಿಮಗೆ ಸುಳ್ಳು ಹೇಳಲಾರ.

ಹೊತ್ತು ಸರಿ ಇದ್ದೂ ಕೆಲಸದಲ್ಲಿ ಗಾಳಿ ಸಾಲುತ್ತಿಲ್ಲ ಅಂದರೆ ಮಷಿನ್ ಕೆಟ್ಟಿಲ್ಲ, ಕೆಲಸಕ್ಕೆ ಚಿಕ್ಕದು. ಮೊಳೆ ಗನ್ನಿಗೆ 24 ಲೀಟರ್ ಮಷಿನ್ ಧಾರಾಳ. ದೊಡ್ಡ ಸ್ಪ್ರೇ ಗನ್ನಿಗೂ ಸ್ಯಾಂಡರಿಗೂ ನಿಮಿಷಕ್ಕೆ 200-300 ಲೀಟರ್ ಬೇಕಾಗುತ್ತದೆ. ಅಂಥ ಕಡೆ ಸಣ್ಣ ಪಂಪನ್ನು ಎಷ್ಟು ರಿಪೇರಿ ಮಾಡಿಸಿದರೂ ಅದು ಬಿಡುವಿಲ್ಲದೆ ಓಡಿ ಸಾಯುತ್ತದೆ. ಬಹಳಷ್ಟು ಸಣ್ಣ ಮಷಿನ್‌ಗಳು ಅರ್ಧ ಹೊತ್ತು ಓಡಿ ಅರ್ಧ ಹೊತ್ತು ತಣ್ಣಗಾಗಲಿ ಅಂತಲೇ ಮಾಡಿರುವಂಥವು. ಇಲ್ಲಿ ದೊಡ್ಡದು ತರುವುದೇ ಸರಿ.

ಹೊತ್ತು ಜಾಸ್ತಿ ಹಿಡಿದರೆ ಮೊದಲು ಏರ್ ಫಿಲ್ಟರ್ ತೆಗೆದು ಓಡಿಸಿ ನೋಡಿ. ಮರದ ಪುಡಿ ತುಂಬಿ ಹಲಗೆಯಂತಾಗಿರುವ ಫಿಲ್ಟರುಗಳು ಬಹಳ. ಈ ಪರೀಕ್ಷೆ ಒಂದೆರಡು ನಿಮಿಷಕ್ಕೆ ಮಾತ್ರ, ಧೂಳಿಲ್ಲದ ಜಾಗದಲ್ಲಿ. ಅದೇ ಹೊತ್ತಿನಲ್ಲಿ ಗಾಳಿ ಎಳೆಯುವ ಬಾಯಿಯ ಹತ್ತಿರ ಒಂದು ದಪ್ಪ ರಟ್ಟಿನ ತುಂಡು ಹಿಡಿಯಿರಿ. ರಟ್ಟನ್ನು ಎಳೆದುಕೊಳ್ಳಬೇಕು. ಎಳೆದೂ ಎಳೆದೂ ಹೊರಕ್ಕೆ ಉಫ್ ಅಂತ ಊದುತ್ತಿದ್ದರೆ ಒಳ ಬರುವ ಗಾಳಿಯ ಪತ್ತಿ ಮುರಿದಿದೆ ಅಥವಾ ಕೂರುತ್ತಿಲ್ಲ. ಹೆಡ್ಡಿನ ಕೆಳಗೆ ವಾಲ್ವ್ ಪ್ಲೇಟ್ ಅಂತ ಇರುತ್ತದೆ. ಅದರ ಮೇಲೆ ಬ್ಲೇಡಿನಷ್ಟು ತೆಳುವಾದ ಸ್ಟೀಲ್ ಪತ್ತಿಗಳು. ಅವೇ ಮುರಿಯುವುದು, ಅವುಗಳಿಗೇ ಕಾರ್ಬನ್ ಹಿಡಿಯುವುದು. ಹೊರ ಹೋಗುವ ಪತ್ತಿ ಲೀಕಾದರೆ ಹೆಡ್ಡು ಮಾಮೂಲಿಗಿಂತ ತುಂಬಾ ಬಿಸಿಯಾಗುತ್ತದೆ, ಏಕೆಂದರೆ ಬಿಸಿ ಗಾಳಿಯೇ ವಾಪಸ್ ಬಂದು ಮತ್ತೆ ಒತ್ತಿಸಿಕೊಳ್ಳುತ್ತದೆ.

ಹೆಡ್ ಬಿಚ್ಚುವುದು ಕಷ್ಟವಲ್ಲ. ನಾಲ್ಕು ಬೋಲ್ಟು. ಗ್ಯಾಸ್ಕೆಟ್ ಒಂದು ಕಡೆ ಕಪ್ಪಾಗಿ ಸುಟ್ಟು ಗೆರೆ ಬಿದ್ದಿದ್ದರೆ ಗಾಳಿ ಅಲ್ಲಿಂದ ಹೋಗುತ್ತಿತ್ತು. ಹಳೆಯದನ್ನು ಕೆರೆದು ತೆಗೆದು ಹೊಸ ಗ್ಯಾಸ್ಕೆಟ್, ಹೊಸ ವಾಲ್ವ್ ಪ್ಲೇಟ್ ಹಾಕಿ, ಬೋಲ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಅಲ್ಯೂಮಿನಿಯಂ ಹೆಡ್ಡು ವಾರೆಯಾಗುತ್ತದೆ.

ಹೆಡ್ ಬಿಚ್ಚಿದಾಗಲೇ ಬೋರ್, ಅಂದರೆ ಪಿಸ್ಟನ್ ಓಡಾಡುವ ಕೊಳವೆ, ನೋಡಿಬಿಡಿ. ಟಾರ್ಚ್ ಹಾಕಿ, ಪಿಸ್ಟನ್ ಕೆಳಗಿಳಿಸಿ, ಗೋಡೆಯ ಮೇಲೆ ಬೆರಳಾಡಿಸಿ. ನುಣ್ಣಗಿದ್ದರೆ ಪಿಸ್ಟನ್ನಿನ ರಿಂಗ್ ಬದಲಿಸಿದರೆ ಸಾಕು. ಉಗುರಿಗೆ ಸಿಗುವಂಥ ಉದ್ದ ಗೀರು ಇದ್ದರೆ ಹೊಸ ರಿಂಗು ಹಾಕಿ ಪ್ರಯೋಜನವಿಲ್ಲ, ಕೆಲವೇ ದಿನಕ್ಕೆ ಅದೂ ಸವೆಯುತ್ತದೆ. ಆಯಿಲ್ ಮಷಿನ್ನಿನಲ್ಲಿ ಹೆಡ್ ಬಿಚ್ಚದೆಯೂ ರಿಂಗಿನ ಸುಳಿವು ಸಿಗುತ್ತದೆ: ಆಯಿಲ್ ಹಾಕುವ ಬಾಯಿಯ ಬ್ರೀದರಿನಿಂದ (ಗಾಳಿಯಾಡುವ ತೂತು) ಜೋರಾಗಿ ಗಾಳಿ, ಹೊಗೆ ಬರುತ್ತಿದ್ದರೆ ರಿಂಗ್ ಸವೆದಿದೆ.

ಆಯಿಲ್ ಫ್ರೀ ಮಷಿನ್ನಿನಲ್ಲಿ ಟೆಫ್ಲಾನ್ ಕಪ್ ರಿಂಗ್ ಇರುತ್ತದೆ. ಅದು ಸವೆಯಲೆಂದೇ ಇರುವುದು, ಸವೆದ ಪುಡಿ ಒಳಗೆಲ್ಲ ಹರಡಿರುತ್ತದೆ. ರಿಂಗು ಮತ್ತು ಸ್ಲೀವು ಸೇರಿ ಕಿಟ್ ಸಿಗುತ್ತದೆ, 47 ಮಿ.ಮೀ., 63.7 ಮಿ.ಮೀ. ಹೀಗೆ ಬೋರಿನ ಅಳತೆಯ ಮೇಲೆ. ಅಂಗಡಿಗೆ ಹೋಗುವಾಗ ಹಳೇ ರಿಂಗನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಹೆಸರಿಲ್ಲದ ಮಷಿನ್ನುಗಳ ಕಿಟ್ ಸಿಗದಿರುವ ಸಂಭವ ಹೆಚ್ಚು. ಸಿಗದಿದ್ದರೆ ತೀರ್ಮಾನ ತಾನಾಗಿಯೇ ಆಯಿತು.

"ಸೇಫ್ಟಿ ವಾಲ್ವು ಹಾರುತ್ತಿದೆ"

ಎಳೆಯುವ ಬಳೆಯಂಥ ರಿಂಗ್ ಇರುವ ಸಣ್ಣ ಹಿತ್ತಾಳೆ ವಾಲ್ವಿನಿಂದ ಇದ್ದಕ್ಕಿದ್ದಂತೆ ಜೋರು ಸದ್ದಿನೊಡನೆ ಗಾಳಿ ನುಗ್ಗಿದರೆ ಮೊದಲು ಪ್ಲಗ್. ಮೋಟಾರ್ ನಿಲ್ಲಬೇಕಾದಲ್ಲಿ ನಿಂತಿಲ್ಲ, ಪ್ರೆಶರ್ ಸ್ವಿಚ್ಚಿನ ಪಾಯಿಂಟುಗಳು ಅಂಟಿಕೊಂಡಿವೆ, ಅಥವಾ ಯಾರೋ ಸ್ವಿಚ್ಚಿನ ಸ್ಕ್ರೂ ತಿರುಗಿಸಿ ಪ್ರೆಶರ್ ಏರಿಸಿದ್ದಾರೆ. ಸ್ವಿಚ್ ಬದಲಿಸುವವರೆಗೆ ಓಡಿಸಬೇಡಿ. ಗೇಜು 8 ದಾಟುವ ಮೊದಲೇ ಹಾರುತ್ತಿದ್ದರೆ ವಾಲ್ವೇ ಸೊರಗಿರಬಹುದು, ಅದೇ ರೇಟಿಂಗಿನ ಹೊಸದು ಹಾಕಿ. ಈ ವಾಲ್ವಿನ ಜಾಗಕ್ಕೆ ಬೋಲ್ಟ್ ತಿರುಗಿಸಿ ಬಂದ್ ಮಾಡಿರುವ ಮಷಿನ್ ಎಲ್ಲಾದರೂ ಕಂಡರೆ, ಅದು ಯಾರದ್ದೇ ಆಗಿರಲಿ, ಹತ್ತಿರ ನಿಂತು ಕೆಲಸ ಮಾಡಬೇಡಿ.

"ಕಟಕಟ ಸದ್ದು, ಸುಟ್ಟ ವಾಸನೆ, ಗಾಳಿಯಲ್ಲಿ ಆಯಿಲ್"

ಸದ್ದಿಗೆ ಮೊದಲು ಬೋಲ್ಟ್, ಫ್ಯಾನ್, ಬೆಲ್ಟ್ ಗಾರ್ಡ್ ನೋಡಿ. ಎಷ್ಟೋ ಸಲ ಪುಲ್ಲಿಯ ಸ್ಕ್ರೂ ಸಡಿಲಾಗಿರುತ್ತದೆ, ಅಷ್ಟೆ. ಅಲ್ಲೇನೂ ಇಲ್ಲದೆ ಪಂಪಿನ ಒಳಗಿಂದ, ತಿರುಗಿದಷ್ಟೂ ಸಲ ಟಕ್ ಟಕ್ ಅಂತ ಬಂದರೆ ಪಿಸ್ಟನ್ನನ್ನು ಮೇಲೆ ಕೆಳಗೆ ಆಡಿಸುವ ಕನೆಕ್ಟಿಂಗ್ ರಾಡ್ ಅಥವಾ ಅದರ ಬೇರಿಂಗು. ಓಡಿಸುತ್ತಾ ಹೋದರೆ ರಾಡ್ ಮುರಿದು ಕೇಸನ್ನೇ ಒಡೆಯುತ್ತದೆ.

ಆಯಿಲ್ ಗಾಜಿನಲ್ಲಿ ಕೆಂಪು ಚುಕ್ಕಿಯ ನಡುವೆ ಇರಬೇಕು. ಹಾಲು ಕಲಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಚೆಲ್ಲಿ, ಕಂಪ್ರೆಸರ್ ಆಯಿಲ್ಲನ್ನೇ ಹಾಕಿ. ಬೈಕಿನ 20 ಡಬ್ಲ್ಯೂ 40 ಬೇಡ. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ವಾಲ್ವಿಗೆ ಕಾರ್ಬನ್ ಕಟ್ಟುತ್ತದೆ. ಪೇಂಟ್ ಹೊಡೆದಾಗ ಮೀನಿನ ಕಣ್ಣಿನಂಥ ಗುಳಿ ಬೀಳುತ್ತಿದ್ದರೆ ಗಾಳಿಯಲ್ಲಿ ಆಯಿಲ್ ಬರುತ್ತಿದೆ. ಆಯಿಲ್ ಮಟ್ಟ ಜಾಸ್ತಿ ಇಲ್ಲ ಅಂತಾದರೆ ರಿಂಗು ಸವೆದಿದೆ.

ಸುಟ್ಟ ವಾರ್ನಿಷ್ ವಾಸನೆ ಮೋಟಾರಿನದು. ಎಂಸಿಬಿ ಕೂಡಲೇ ಹಾರಿದರೆ, ಅಥವಾ ಮುಟ್ಟಿದಾಗ ಜುಂ ಅಂದರೆ, ನೀವು ಅಲ್ಲಿಗೆ ಬಿಡಿ. ರಿವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಕರೆಂಟ್ ಬಾಡಿಗೆ ಸೋರುತ್ತಿದೆಯೇ ಅಂತ ಅಳೆಯುವ ಮೀಟರ್) ಹಾಕಿ ನೋಡುತ್ತಾರೆ. ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಮೋಟಾರ್ ಹಾಗೇ ಬಳಸಲು ಯೋಗ್ಯವಲ್ಲ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ಪ್ಲಗ್ಗಿನಲ್ಲಿ ಕಂಪ್ರೆಸರ್ ಓಡಿಸುವುದು ಬೇಡ. ಅದರಲ್ಲೂ ಮಳೆಗಾಲದಲ್ಲಿ, ಒದ್ದೆ ನೆಲದ ಮೇಲೆ.

"ಡ್ರೈನ್ ತೆರೆದರೆ ಕೆಂಪು ನೀರು"

ಇಷ್ಟು ಹೊತ್ತು ಹೇಳಿದ ಯಾವ ದೋಷವೂ ಇಲ್ಲದೆ, ಸೊಗಸಾಗಿ ಓಡುವ ಮಷಿನ್ ಕೂಡ ಇಲ್ಲಿ ಫೇಲಾಗಬಹುದು.

ನೀರು ಎಲ್ಲಿಂದ ಬರುತ್ತದೆ? ನಾವು ಉಸಿರಾಡುವ ಗಾಳಿಯಿಂದಲೇ. ಮಂಗಳೂರು, ಕುಂದಾಪುರ, ಕಾರವಾರದ ಕಡೆ ಮಳೆಗಾಲದಲ್ಲಿ 30 ಡಿಗ್ರಿ ಸೆಖೆ, ಶೇ. 90ರಷ್ಟು ತೇವ ಇರುವಾಗ 50 ಲೀಟರ್ ಟ್ಯಾಂಕನ್ನು ಒಮ್ಮೆ ಖಾಲಿಯಿಂದ 8 ಬಾರ್ ತುಂಬಿದರೆ, ತಣ್ಣಗಾದ ಮೇಲೆ ಸುಮಾರು 10 ಮಿಲಿ ನೀರು ತಳದಲ್ಲಿ ಕೂರುತ್ತದೆ. ಅಂದರೆ ಎರಡು ಟೀ ಚಮಚ. ದಿನವಿಡೀ ಕೆಲಸ ಮಾಡಿದರೆ ಲೋಟಗಟ್ಟಲೆ. ಕೆಲಸ ಮುಗಿದ ಮೇಲೆ ದಿನವೂ ಡ್ರೈನ್ ತೆರೆಯದಿದ್ದರೆ ಆ ನೀರು ಅಲ್ಲೇ ಕೂತು ತಗಡನ್ನು ಒಳಗಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ.

ಶಿರಸಿ ಕಡೆ ಗೆಳೆಯರೊಬ್ಬರ ಮರಗೆಲಸದ ಶೆಡ್ಡಿನಲ್ಲಿ ಇಂಥದೊಂದು ಟ್ಯಾಂಕ್ ನೋಡಿದೆ. ಡ್ರೈನ್ ಕಾಕ್ ತಿರುಗಿಸಿದರೆ ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಕಾಫಿ ಬಣ್ಣದ ನೀರು, ಅದರ ಹಿಂದೆಯೇ ಕಪ್ಪು ಕೆಸರು, ಕೊನೆಗೆ ಉಗುರಿನಷ್ಟು ಅಗಲದ ತುಕ್ಕಿನ ಹಕ್ಕಳೆಗಳು. ಹಕ್ಕಳೆ ಬಂತು ಅಂದರೆ ತಗಡೇ ಪದರ ಪದರವಾಗಿ ಕಳಚುತ್ತಿದೆ ಅಂತ. ಸಣ್ಣ ಟ್ಯಾಂಕುಗಳ ತಗಡು ಹೊಸದಿದ್ದಾಗಲೇ 2-3 ಮಿ.ಮೀ. ದಪ್ಪ. ಅದರಲ್ಲಿ ಎಷ್ಟು ಕಳೆದುಕೊಂಡರೆ ಉಳಿಯುವುದೇನು? ಮೋಟಾರ್, ಪಂಪ್ ಎರಡೂ ಚೆನ್ನಾಗಿದ್ದವು. ಆದರೂ ಆ ಟ್ಯಾಂಕ್ ಬಿಡಿ ಅಂತ ಹೇಳಬೇಕಾಯಿತು.

ಬರೀ ತಿಳಿ ಕೆಂಪು ನೀರು ಬಂದರೆ ಗಾಬರಿ ಬೇಡ, ಒಳಗೆ ಸ್ವಲ್ಪ ತುಕ್ಕು ಎಲ್ಲ ಟ್ಯಾಂಕಿನಲ್ಲೂ ಇರುತ್ತದೆ. ಗಾಳಿ ಪೂರ್ತಿ ಬಿಟ್ಟು, ಡ್ರೈನ್ ಕಾಕ್ ಬಿಚ್ಚಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಮೊಬೈಲಿಗೆ ಹಾಕುವ ಪೈಪ್ ಕ್ಯಾಮೆರಾ ಸಿಕ್ಕರೆ ಇನ್ನೂ ಒಳ್ಳೆಯದು. ತಳದಲ್ಲಿ ಗುಳಿಗಳು, ಹಕ್ಕಳೆಗಳು, ಹೊರಗೆ ಬಣ್ಣದ ಗುಳ್ಳೆ, ಕಾಲು ಬೆಸೆದ ಜಾಗದಲ್ಲಿ ತುಕ್ಕು, ಇವುಗಳಲ್ಲಿ ಯಾವುದು ಕಂಡರೂ ಬಿಟ್ಟುಬಿಡಿ. ಅನುಮಾನವಿದ್ದು ಟ್ಯಾಂಕ್ ದೊಡ್ಡದಿದ್ದರೆ ಕೈಗಾರಿಕಾ ಪ್ರದೇಶದ ಪ್ರೆಶರ್ ಟೆಸ್ಟಿಂಗ್ ಮಾಡುವವರಲ್ಲಿ ತಗಡಿನ ದಪ್ಪ ಅಳೆಸಿ, ನೀರು ತುಂಬಿಸಿ ಪರೀಕ್ಷೆ ಮಾಡಿಸಿ. ಗಾಳಿ ತುಂಬಿ ಪರೀಕ್ಷೆ ಮಾಡಲು ಹೋಗಬೇಡಿ. ನೀರು ತುಂಬಿದ ಟ್ಯಾಂಕ್ ಸೀಳಿದರೆ ನೀರು ಚೆಲ್ಲುತ್ತದೆ. 8 ಬಾರ್ ಗಾಳಿ ತುಂಬಿದ 50 ಲೀಟರ್ ಟ್ಯಾಂಕಿನಲ್ಲಿ ಅಡಗಿರುವ ಶಕ್ತಿ, ಒಂದು ಟನ್ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು ಗುದ್ದುವಷ್ಟು.

ಸೂಜಿ ತೂತು ಬಿದ್ದಿದ್ದಕ್ಕೆ ಎಂ-ಸೀಲ್ ಮೆತ್ತುವುದು, ವೆಲ್ಡಿಂಗ್ ಹೊಡೆಸುವುದು ಎರಡೂ ಬೇಡ. ತೂತು ಬಿದ್ದದ್ದು ಒಂದು ಚುಕ್ಕಿ, ಸುತ್ತಲಿನ ತಗಡೂ ಅಷ್ಟೇ ತೆಳ್ಳಗಾಗಿರುತ್ತದೆ. ವೆಲ್ಡಿಂಗಿನ ಬಿಸಿ ಅದನ್ನು ಇನ್ನೂ ಹಾಳು ಮಾಡುತ್ತದೆ. ಹಳೇ ಗ್ಯಾಸ್ ಸಿಲಿಂಡರನ್ನು ಟ್ಯಾಂಕ್ ಮಾಡಿಕೊಳ್ಳುವ ಐಡಿಯಾ ಯಾರಾದರೂ ಕೊಟ್ಟರೆ ಅದೂ ಬೇಡ.

ಈಗ ದುಡ್ಡಿನ ಲೆಕ್ಕ

ಟ್ಯಾಂಕ್ ಗಟ್ಟಿ ಇದ್ದರೆ ಮಾತ್ರ ಈ ಲೆಕ್ಕ. ಕೆಪಾಸಿಟರ್, ಪ್ರೆಶರ್ ಸ್ವಿಚ್, ಎನ್‌ಆರ್‌ವಿ, ಗೇಜ್, ಬೆಲ್ಟ್, ಗ್ಯಾಸ್ಕೆಟ್, ವಾಲ್ವ್ ಪ್ಲೇಟ್, ಇವು ಯಾವುದು ಹೋದರೂ ಯೋಚಿಸದೆ ರಿಪೇರಿ ಮಾಡಿ. ಎಲ್ಲ ಸೇರಿದರೂ ಹೊಸ ಮಷಿನ್ನಿನ ಹತ್ತಿರಕ್ಕೆ ಬರುವುದು ಅಪರೂಪ. ರಿಂಗು, ಬೋರು, ವೈಂಡಿಂಗು ಇವುಗಳ ಮಾತು ಬಂದಾಗ ಮಷಿನ್ನಿನ ಜಾತಿ ನೋಡಿ. ಬೀಡು ಕಬ್ಬಿಣದ ಬೆಲ್ಟ್ ಮಷಿನ್ ಅಂದರೆ ನನ್ನ ಓಟು ಯಾವಾಗಲೂ ರಿಪೇರಿಗೆ. ಅದು ನಿಧಾನ ತಿರುಗುತ್ತದೆ, ಬೋರ್ ಮಾಡಿಸಬಹುದು, ಮೋಟಾರ್ ಮಾಮೂಲಿಯದು, ಊರಿನ ರಿವೈಂಡಿಂಗ್ ಅಂಗಡಿಯಲ್ಲೇ ಕೆಲಸ ಆಗುತ್ತದೆ. ರಿವೈಂಡಿಂಗಿಗೆ ಕೊಡುವಾಗ ತಾಮ್ರದ ತಂತಿಯೇ ಹಾಕಿ ಅಂತ ಹೇಳಿ ಬಿಲ್ಲಿನಲ್ಲಿ ಬರೆಸಿ. ಸಣ್ಣ ಆಯಿಲ್ ಫ್ರೀ ಮಷಿನ್ನಿನಲ್ಲಿ ಮೋಟಾರು ಪಂಪು ಎರಡೂ ಒಂದೇ ಗಂಟಾಗಿರುತ್ತವೆ, ಎಲ್ಲ ಅಂಗಡಿಯವರೂ ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಅದರ ಕಪ್ ಕಿಟ್ ಸಿಕ್ಕರೆ ಹಾಕಿ. ವೈಂಡಿಂಗ್ ಸುಟ್ಟಿದ್ದರೆ ಬಿಡಿ.

ಅರ್ಧಂಬರ್ಧ ಕೇಸುಗಳಿಗೆ ಹೀಗೆ ಮಾಡಿ. ಬಿಡಿಭಾಗ, ಕೂಲಿ, ಸಾಗಾಟ ಎಲ್ಲ ಸೇರಿಸಿ, ಅದೇ ಸೈಜಿನ ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದು. ಅರ್ಧದೊಳಗಿದ್ದರೂ ಪಂಪು ಮೋಟಾರು ಎರಡೂ ಒಟ್ಟಿಗೆ ಹೋಗಿದ್ದರೆ ಹೊಸದು. ಬೆಂಗಳೂರಿನ ಎಸ್.ಪಿ. ರೋಡು, ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಹುಬ್ಬಳ್ಳಿಯ ಗೋಕುಲ ರಸ್ತೆ, ಇಂಥ ಕಡೆ ವಿಚಾರಿಸದೆ ಬಿಡಿಭಾಗ ಸಿಗಲ್ಲ ಅಂತ ತೀರ್ಮಾನ ಮಾಡಬೇಡಿ. ಟ್ಯಾಂಕ್ ಮಾತ್ರ ಹೋಗಿ ಪಂಪು ಮೋಟಾರು ಚೆನ್ನಾಗಿದ್ದರೆ ಅದೇ ಸೈಜಿನ, ಪ್ರೆಶರ್ ರೇಟಿಂಗಿನ ಪ್ಲೇಟ್ ಇರುವ ಹೊಸ ಟ್ಯಾಂಕ್ ತಂದು ಅದರ ಮೇಲೆ ಕೂರಿಸಬಹುದು. ಊರಿನ ಗ್ರಿಲ್ ಕೆಲಸದವರಲ್ಲಿ ಟ್ಯಾಂಕ್ ಮಾಡಿಸುವುದು ಬೇಡ.

ಹೊಸದು ತಂದ ಮೇಲೆ ಹಳೇ ಟ್ಯಾಂಕನ್ನು ಹಾಗೇ ಗುಜರಿಗೆ ಕೊಡಬೇಡಿ. ಯಾರೋ ಬಣ್ಣ ಬಳಿದು ಮತ್ತೆ ಮಾರಿಬಿಡುತ್ತಾರೆ. ಎಲ್ಲ ವಾಲ್ವು ಬಿಚ್ಚಿ, ಗಾಳಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಡ್ರಿಲ್ಲಿನಲ್ಲಿ ದೊಡ್ಡದಾಗಿ ಎರಡು ಮೂರು ತೂತು ಕೊರೆದು ಕೊಡಿ. ಗ್ಯಾಸ್ ಕಟರ್ ಬೇಡ, ಒಳಗೆ ಆಯಿಲ್ ಆವಿ ಇರುತ್ತದೆ. ಪ್ರೆಶರ್ ಸ್ವಿಚ್, ಗೇಜ್, ರೆಗ್ಯುಲೇಟರ್ ಸರಿ ಇದ್ದರೆ ಬಿಚ್ಚಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತವೆ. ಹಳೇ ಸೇಫ್ಟಿ ವಾಲ್ವನ್ನು ಮಾತ್ರ ಬೇರೆ ಮಷಿನ್ನಿಗೆ ಹಾಕಬೇಡಿ, ಅದು ಯಾವಾಗಲೂ ಹೊಸದೇ ಇರಲಿ.